ತೋಟದ ಮೋಟಾರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ಬೆಳೆಗಾರನಿಗೆ ಬೇಸಗೆಯ ರಾತ್ರಿ ಪೂರ್ಣ ನಿದ್ರೆಯೆಂಬುದಿಲ್ಲ. ತೊಟ್ಟಿಗೆ ನೀರು ಬೀಳುವ ಸದ್ದು ನಿಂತೊಡನೆ ಅವನಿಗೆ ಎಚ್ಚರವಾಗುತ್ತದೆ. ಅದಕ್ಕೆ ಕಾರಣವುಂಟು. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಸುಮಾರು 12 ತಿಂಗಳು ಬೇಕು. ಆ ಕಾಯಿ ಅಟ್ಟದ ಮೇಲೆ ಒಣಗಿ ಉಂಡೆಕೊಬ್ಬರಿಯಾಗಲು ಮತ್ತೆ ಹತ್ತು ಹನ್ನೊಂದು ತಿಂಗಳು. ಈ ಏಪ್ರಿಲ್‌ನಲ್ಲಿ ನೀರಿಲ್ಲದೆ ಉದುರಿದ ಹರಳಿನ ನಷ್ಟ ಕೊಬ್ಬರಿಯ ಲೆಕ್ಕದಲ್ಲಿ ಕಾಣುವುದು ಸುಮಾರು ಎರಡು ವರ್ಷಗಳ ಅನಂತರ!

ಪಂಪನ್ನು ತಿರುಗಿಸುವ ಮೂರು ಫೇಸ್ ಮೋಟಾರನ್ನು 1889ರಲ್ಲಿ ರೂಪಿಸಿದವನು ದೊಲಿವೊ-ದೊಬ್ರೊವೊಲ್‌ಸ್ಕಿ ಎಂಬ ಎಂಜಿನಿಯರು. ಮೂರು ತಂತಿಗಳ ವಿದ್ಯುತ್ತು ಸರದಿಯಂತೆ ಏರಿಳಿದು ಸುರುಳಿಗಳ ನಡುವೆ ಸುತ್ತುವ ಕಾಂತಕ್ಷೇತ್ರವನ್ನುಂಟುಮಾಡುತ್ತದೆ. ಅದರ ಬೆನ್ನು ಹಿಡಿದು ಒಳಗಿನ ಉರುಳೆಯೂ ಸುತ್ತುತ್ತದೆ. ಒಂದು ಫೇಸ್ ತಪ್ಪಿತೆನ್ನಿ. ಆಗ ಕಾಂತಕ್ಷೇತ್ರ ಸುತ್ತುವುದಿಲ್ಲ, ಒಂದೇ ಗೆರೆಯಲ್ಲಿ ಹಿಂದಕ್ಕೂ ಮುಂದಕ್ಕೂ ಮಿಡಿಯುತ್ತದೆ. ಬೀಸುವ ಕಲ್ಲಿನ ಗೂಟವನ್ನು ನೇರವಾಗಿ ನೂಕಿ ಎಳೆದರೆ ನಿಂತ ಕಲ್ಲು ಮಿಸುಕದು; ಆದರೆ ಮೊದಲೇ ತಿರುಗುತ್ತಿದ್ದ ಕಲ್ಲು ಅದೇ ನೂಕಾಟದಲ್ಲಿ ತಿರುಗುತ್ತಲೇ ಇರುತ್ತದೆ. ಮೋಟಾರಿನ ಪಾಡೂ ಹೀಗೆಯೇ. ನಿಂತಿದ್ದರೆ ಗುಂಯ್‌ಗುಡುತ್ತದೆ; ಓಡುತ್ತಿದ್ದರೆ ಓಡುತ್ತಲೇ ಸುಡುತ್ತದೆ.

5 ಅಶ್ವಶಕ್ತಿಯ ಮೋಟಾರು 415 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಒಂದು ಫೇಸ್ ಹೋದಾಗ ಅದೇ ಭಾರವನ್ನು ಉಳಿದೆರಡು ತಂತಿಗಳು ಹೊರಬೇಕಾಗಿ, ಅವುಗಳಲ್ಲಿ ಸುಮಾರು 1.73 ಪಟ್ಟು, ಎಂದರೆ 14 ಆಂಪಿಯರ್‌ವರೆಗೆ ಹರಿಯುತ್ತದೆ. ಶಾಖವು ವಿದ್ಯುತ್ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಅದು ಸುಮಾರು ಮೂರು ಪಟ್ಟಾಗುತ್ತದೆ. ಸುರುಳಿಯ ತಂತಿಯ ಮೇಲಿನ ಹೊದಿಕೆ ಕರಿಕಾಗಲು ಬಹಳ ಹೊತ್ತು ಬೇಕಿಲ್ಲ.

ಫ್ಯೂಸ್ ಕಾಪಾಡುವುದಿಲ್ಲವೇ ಎಂದು ನೀವು ಕೇಳಬಹುದು. ಹೊರಡುವಾಗ ಮೋಟಾರು ಐದಾರು ಪಟ್ಟು ವಿದ್ಯುತ್ತನ್ನು ಎಳೆಯುವುದರಿಂದ, ಅದನ್ನು ತಾಳುವ ಫ್ಯೂಸು 14 ಆಂಪಿಯರಿಗೆ ಕರಗದಿರಬಹುದು. ಅಷ್ಟೇ ಅಲ್ಲ, ಒಂದೇ ಫ್ಯೂಸು ಕರಗುವುದರಿಂದಲೇ ಒಂದು ಫೇಸ್ ತಪ್ಪುವುದುಂಟು. ಈ ಕೆಲಸಕ್ಕೆ ಸ್ಟಾರ್ಟರಿನೊಳಗಿನ ರಿಲೇ ಮತ್ತು ಫೇಸ್ ತಪ್ಪಿದಾಗ ಮೋಟಾರನ್ನು ನಿಲ್ಲಿಸುವ ತಡೆ ಸಾಧನ ಬೇಕು. ಅವು ಪದೇ ಪದೇ ನಿಲ್ಲಿಸುತ್ತವೆಂದು ಬೇಸತ್ತು ರಿಲೇಯ ಗುಂಡಿಯನ್ನು ಮೇಲಕ್ಕೆ ತಿರುಗಿಸುವವರೂ, ಫ್ಯೂಸಿನಲ್ಲಿ ದಪ್ಪ ತಾಮ್ರದ ತಂತಿ ಕಟ್ಟುವವರೂ ಇದ್ದಾರೆ. ಬೊಗಳುತ್ತದೆಂದು ಕಾವಲುನಾಯಿಯ ಬಾಯಿ ಕಟ್ಟಿದಂತಾಯಿತು! ಕರೆಂಟು ಬಂದೊಡನೆ ತಾನೇ ಹೊರಡುವ ಸ್ವಯಂಚಾಲಿತ ಸ್ಟಾರ್ಟರು ಇರುವ ತೋಟದಲ್ಲಂತೂ ಇದು ಇನ್ನೂ ಅಪಾಯಕರ. ಸುಡುವುದನ್ನು ನೋಡಲು ಅಲ್ಲಿ ಯಾರೂ ಇರುವುದಿಲ್ಲ.

ತೆರೆದ ಬಾವಿಯ ಮೋಟಾರಿನ ಸದ್ದು ಕಿವಿಗೆ ಕೇಳಿಸುತ್ತದೆ. ಕೊಳವೆಬಾವಿಯ ಆಳದಲ್ಲಿ ಮುಳುಗಿದ ಮೋಟಾರಿಗೆ ಮೇಲಿನ ಆಂಪಿಯರ್ ಮಾಪಕವೇ ಬಾಯಿ. ನೀರು ಸರಿಯಾಗಿ ಬರುತ್ತಿರುವ ದಿನ ಮುಳ್ಳು ಎಲ್ಲಿ ನಿಲ್ಲುವುದೆಂದು ಪೆಟ್ಟಿಗೆಯ ಬಾಗಿಲ ಮೇಲೆ ಬರೆದಿಡಿರಿ. ಮುಳ್ಳು ಅದಕ್ಕಿಂತ ಬಹಳ ಮೇಲೇರಿದರೆ ಒಡನೆಯೇ ನಿಲ್ಲಿಸಬೇಕು. ಕೆಳಗಿಳಿದರೆ ಬಾವಿಯಲ್ಲಿ ನೀರು ತಗ್ಗಿರಬಹುದು.

ಪೆಟ್ಟಿಗೆಯನ್ನು ಮಾತ್ರ ನೀವು ಬಿಚ್ಚಬಾರದು. ಮುಖ್ಯ ಸ್ವಿಚ್ಚನ್ನು ಆರಿಸಿದರೂ ಕಂಬದಿಂದ ಬರುವ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಆ ಕೆಲಸ ಬಲ್ಲ ವಿದ್ಯುತ್ ಕೆಲಸಗಾರನದು. ನಿಮ್ಮ ಕೈಲಾಗುವ ಕೆಲಸ ಬೇರೆಯಿದೆ. ಇದ್ದಿಲು, ಉಪ್ಪು ತುಂಬಿದ ಭೂಸಂಪರ್ಕದ ಗುಂಡಿ ಒಣಗಿದರೆ, ಸೋರಿದ ವಿದ್ಯುತ್ತು ಸುಲಭವಾಗಿ ನೆಲ ಸೇರದೆ ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಯಲ್ಲಿಯೇ ಉಳಿದು, ಒದ್ದೆ ನೆಲದಲ್ಲಿ ನಿಂತು ಮುಟ್ಟಿದವನ ಮೈಮೂಲಕ ಹರಿಯುತ್ತದೆ. ಬೇಸಗೆ ಮುಗಿಯುವವರೆಗೆ ಆಗಾಗ ಆ ಗುಂಡಿಗೆ ಒಂದೆರಡು ಬಿಂದಿಗೆ ನೀರು ಹಾಕಿರಿ.