ಮೈದಾನದಿಂದ ಹೊರಗಿಟ್ಟ ಹುಡುಗಿ: ಮೊದಲ ಅವಧಿಯ ಶಾಲಾನುಭವದಿಂದ

ಬಿ.ಇಡಿ. ಎರಡನೆಯ ವರ್ಷದ ಹದಿನಾರು ವಾರಗಳ ಶಾಲಾನುಭವಕ್ಕೆ ನನ್ನನ್ನು ರಾಣೆಬೆನ್ನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ನಿಯೋಜಿಸಿದ್ದರು. ಜೂನ್ ಮೂರನೆಯ ವಾರ ಹೋದವಳು ದಸರಾ ರಜೆ ಬರುವವರೆಗೆ ಅಲ್ಲಿದ್ದೆ. ನನ್ನ ವಿಷಯ ಗಣಿತ, ತರಗತಿ ಎಂಟನೆಯದು. ಪಾಠದ ಜೊತೆಗೆ ಎರಡು ಕೆಲಸ ನನ್ನ ಪಾಲಿಗೆ ಬಂದವು. ಹುಡುಗಿಯರ ಖೋ ಖೋ ಅಭ್ಯಾಸದ ವೇಳೆ ದೈಹಿಕ ಶಿಕ್ಷಕರಿಗೆ ನೆರವಾಗುವುದು ಒಂದು. ಸೋಮವಾರದ ಪ್ರಾರ್ಥನೆಯ ನಂತರ ಮಕ್ಕಳ ಶುಚಿತ್ವ ನೋಡಿ ಬರೆದಿಡುವುದು ಇನ್ನೊಂದು. ಹೀಗಾಗಿ ನನ್ನ ಚೀಲದಲ್ಲಿ ಯಾವಾಗಲೂ ಮೂರು ಪುಸ್ತಕಗಳಿರುತ್ತಿದ್ದವು: ಪಾಠ ಯೋಜನೆ ಮತ್ತು ಅಂಕಗಳದ್ದು, ಆಟದ್ದು, ಶುಚಿತ್ವದ್ದು. ಮೂರನ್ನೂ ಅಚ್ಚುಕಟ್ಟಾಗಿ ಬರೆಯುತ್ತಿದ್ದೆ. ವೀಕ್ಷಣೆಗೆ ಬಂದ ನಮ್ಮ ಕಾಲೇಜಿನ ಉಪನ್ಯಾಸಕರು ಆ ಅಚ್ಚುಕಟ್ಟನ್ನು ಮೆಚ್ಚಿಕೊಂಡಿದ್ದರು. ಮೂರನ್ನೂ ಒಟ್ಟಿಗೆ ತೆರೆದು ಓದುವ ಕೆಲಸವನ್ನು ಮಾತ್ರ ನಾನು ಆಗಸ್ಟ್ ಕೊನೆಯವರೆಗೆ ಮಾಡಿರಲಿಲ್ಲ. ಅದರಿಂದಾದ ಒಂದು ತಪ್ಪಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಸೇತುಬಂಧದ ಪೂರ್ವ ಪರೀಕ್ಷೆಯಲ್ಲೇ ಆ ಹುಡುಗಿಯ ಉತ್ತರ ಪತ್ರಿಕೆ ನನ್ನ ಗಮನಕ್ಕೆ ಬಂದಿತ್ತು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪೂರ್ಣಾಂಕಗಳ ಕೂಡುವುದು ಕಳೆಯುವುದನ್ನು ಹೇಗೋ ಮಾಡಿದ್ದಳು, ಭಿನ್ನರಾಶಿ ಬಂದಲ್ಲಿ ಜಾಗ ಖಾಲಿ ಬಿಟ್ಟಿದ್ದಳು. ಜುಲೈ ಕೊನೆಯಲ್ಲಿ ನಡೆದ ಮೊದಲ ರೂಪಣಾತ್ಮಕ ಮೌಲ್ಯಮಾಪನದಲ್ಲಿ −3/2 ಕ್ಕೆ 1/2 ಕೂಡಿಸಿ ಎಂದರೆ −2/4 ಎಂದು ಬರೆದಿದ್ದಳು. ಅಂಶಕ್ಕೆ ಅಂಶ, ಛೇದಕ್ಕೆ ಛೇದ. ಬಹಳ ಮಕ್ಕಳು ಮಾಡುವ ತಪ್ಪೇ ಇದು, ತರಗತಿಯಲ್ಲಿ ಇನ್ನೂ ಏಳೆಂಟು ಮಂದಿ ಹಾಗೆಯೇ ಬರೆದಿದ್ದರು. ಆದರೆ ಅವಳು ಮನೆಗೆಲಸವನ್ನೂ ಮಾಡುತ್ತಿರಲಿಲ್ಲ. ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಅಂಕಗಳ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ "ಗಮನವಿಲ್ಲ, ಅನಿಯಮಿತ" ಎಂದು ಬರೆದೆ.

ಮೈದಾನದಲ್ಲಿ ಅವಳು ಬೇರೆಯೇ ಹುಡುಗಿ. ಖೋ ಖೋ ಆಡಿದವರಿಗೆ ಗೊತ್ತು, ಚೇಸರ್‌ಗೆ ಹಿಂದಿರುಗುವ ಹಾಗಿಲ್ಲ, ನಡುವಿನ ಪಟ್ಟಿಯನ್ನು ದಾಟುವ ಹಾಗಿಲ್ಲ. ಒಂದು ದಿಕ್ಕು ಹಿಡಿದರೆ ಕಂಬದವರೆಗೆ ಅದೇ ದಿಕ್ಕು, ಇಲ್ಲವೇ ಕುಳಿತವಳಿಗೆ ಖೋ ಕೊಡಬೇಕು. ಯಾವಾಗ ಕೊಡಬೇಕೆಂಬ ಲೆಕ್ಕ ಈ ಹುಡುಗಿಗೆ ಚೆನ್ನಾಗಿ ತಿಳಿದಿತ್ತು. ಓಟದ ವೇಗದಲ್ಲಿ ಅವಳಿಗಿಂತ ಮುಂದಿದ್ದವರು ತಂಡದಲ್ಲಿ ಇಬ್ಬರಿದ್ದರು. ಆದರೆ ರನ್ನರ್ ಎತ್ತ ತಿರುಗುತ್ತಾಳೆಂದು ಒಂದು ಹೆಜ್ಜೆ ಮೊದಲೇ ಕಂಡುಕೊಳ್ಳುವವಳು ಇವಳೊಬ್ಬಳೇ. "ವಲಯ ಮಟ್ಟಕ್ಕ ಈಕಿ ಬೇಕೇ ಬೇಕ್ರಿ" ಎಂದು ದೈಹಿಕ ಶಿಕ್ಷಕರು ಜುಲೈಯಲ್ಲೇ ಹೇಳಿದ್ದರು. ಆಟದ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡಿದ್ದೆ.

ಆಗಸ್ಟ್ ಮೊದಲ ವಾರ ನಾನು ತರಗತಿಯಲ್ಲಿ ಒಂದು ನಿಯಮ ಮಾಡಿದೆ: ಗಣಿತದ ಮನೆಗೆಲಸ ಮುಗಿಸದವರು ಮೈದಾನಕ್ಕೆ ಹೋಗುವಂತಿಲ್ಲ, ತರಗತಿಯಲ್ಲೇ ಕುಳಿತು ಮುಗಿಸಬೇಕು. ಯಾರೂ ಹೇಳಿ ಮಾಡಿಸಿದ್ದಲ್ಲ, ನನ್ನದೇ ಯೋಚನೆ. ಮಾರ್ಗದರ್ಶಕ ಶಿಕ್ಷಕಿಗೆ ಹೇಳಿದಾಗ ಅವರು "ನೋಡ್ರಿ, ಬೇಕಾದ್ರ ಮಾಡಿ ನೋಡ್ರಿ" ಎಂದಷ್ಟೇ ಅಂದರು. ಆ ಮಾತಿನ ಧಾಟಿ ನನಗೆ ಆಗ ಅರ್ಥವಾಗಲಿಲ್ಲ. ಮೊದಲ ವಾರ ನಿಯಮ ಚೆನ್ನಾಗಿ ಕೆಲಸ ಮಾಡಿತು. ಹುಡುಗರು ಬೆಳಿಗ್ಗೆ ಹಾಲು ಕುಡಿಯುವ ಹೊತ್ತಿನಲ್ಲೇ ಜಗುಲಿಯ ಮೇಲೆ ಕುಳಿತು ಲೆಕ್ಕ ಬರೆಯತೊಡಗಿದರು. ಬಹುಪಾಲು ಒಬ್ಬರದನ್ನೊಬ್ಬರು ನೋಡಿ ಬರೆದದ್ದು. ಆದರೂ ಪುಸ್ತಕ ತುಂಬಿತು. ಆ ಹುಡುಗಿ ಎರಡು ಸಂಜೆ ತರಗತಿಯಲ್ಲಿ ಕುಳಿತಳು, ಏನೂ ಬರೆಯಲಿಲ್ಲ. ಮೂರನೆಯ ದಿನ ಶಾಲೆಗೇ ಬರಲಿಲ್ಲ.

ಸ್ವಾತಂತ್ರ್ಯ ದಿನಾಚರಣೆಯ ಗಡಿಬಿಡಿ, ಕವಾಯತು, ಪ್ರತಿಭಾ ಕಾರಂಜಿಗೆ ಹಾಡಿನ ಅಭ್ಯಾಸ ಇವುಗಳ ನಡುವೆ ನಾನು ಹತ್ತು ಹನ್ನೊಂದು ದಿನ ಅವಳ ಗೈರುಹಾಜರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕ್ರೀಡಾಕೂಟದ ಹನ್ನೆರಡು ಹೆಸರುಗಳ ಪಟ್ಟಿ ಹೋಗುವ ದಿನ ದೈಹಿಕ ಶಿಕ್ಷಕರು ಬಂದು ಕೇಳಿದರು. "ಈಕಿ ಎಲ್ಲಿ ಹೋದ್ಳು?" ನನಗೆ ಗೊತ್ತಿರಲಿಲ್ಲ. ಪಟ್ಟಿ ಬೇರೆ ಹುಡುಗಿಯ ಹೆಸರಿನೊಂದಿಗೆ ಹೋಯಿತು.

ಅಂದು ಸಂಜೆ ಹಾಜರಿ ಪುಸ್ತಕ ತೆಗೆದು ಜೂನ್‌ನಿಂದ ಅವಳ ಸಾಲನ್ನು ನೋಡುತ್ತಾ ಬಂದೆ. ಜೂನ್ ಜುಲೈಯಲ್ಲೂ ಅಲ್ಲಲ್ಲಿ ಗೈರು ಇತ್ತು. ಅದನ್ನು ನೋಡಿಯೇ ನಾನು "ಅನಿಯಮಿತ" ಎಂದು ಬರೆದದ್ದು. ಆದರೆ ಪಕ್ಕದಲ್ಲಿ ಆಟದ ಪುಸ್ತಕ ಇಟ್ಟುಕೊಂಡಾಗ ಬೇರೆ ಸಂಗತಿ ಕಂಡಿತು. ಗೈರಾದ ದಿನಗಳೆಲ್ಲ ಸೋಮವಾರ, ಬುಧವಾರ, ಶುಕ್ರವಾರ. ಖೋ ಖೋ ಅಭ್ಯಾಸವಿದ್ದ ಮಂಗಳವಾರ, ಗುರುವಾರ, ಶನಿವಾರಗಳಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಅವಳಷ್ಟು ನಿಯಮಿತವಾಗಿ ಬಂದವರು ಆ ತರಗತಿಯಲ್ಲಿ ಕಡಿಮೆ. ಆ ನಿಯಮ ನನ್ನ ವೇಳಾಪಟ್ಟಿಯದಾಗಿರಲಿಲ್ಲ, ಅಷ್ಟೇ. ಶುಚಿತ್ವದ ಪುಸ್ತಕದಲ್ಲಿ ಆಗಸ್ಟ್ ಮೊದಲ ಸೋಮವಾರ ಅವಳ ಹೆಸರಿನ ಮುಂದೆ ಒಂದೇ ಸಾಲು: "ಹೆಬ್ಬೆರಳಿನ ಉಗುರು ಕತ್ತರಿಸಿಲ್ಲ."

ಹೆಬ್ಬೆರಳು ಮಾತ್ರ ಯಾಕೆ ಎಂದು ನಾನು ಕೇಳಿಕೊಂಡಿರಲಿಲ್ಲ. ಮಾರ್ಗದರ್ಶಕ ಶಿಕ್ಷಕಿಗೆ ಅದನ್ನು ತೋರಿಸಿದೆ. ಅವರು ಓದಿ, "ಕ್ರಾಸಿಂಗಿಗೆ ಹೊಂಟಾಳ ನೋಡ್ರಿ" ಎಂದರು.

ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆ ದೊಡ್ಡ ಕಸುಬು. ಹೈಬ್ರಿಡ್ ಹತ್ತಿಯ ಬೀಜ ಬೆಳೆಯುವ ಹೊಲದಲ್ಲಿ ಮಳೆಗಾಲದ ಬಿತ್ತನೆಯಾಗಿ ಎರಡು ತಿಂಗಳಿಗೆ ಹೂವು ಶುರುವಾದರೆ ಕೈಯಿಂದ ಪರಾಗಸ್ಪರ್ಶ ಮಾಡಿಸುವ ಕೆಲಸ ವಾರಗಟ್ಟಲೆ ನಡೆಯುತ್ತದೆ. ಮರುದಿನ ಅರಳಲಿರುವ ಮೊಗ್ಗನ್ನು ಮಧ್ಯಾಹ್ನ ಹೆಬ್ಬೆರಳಿನ ಉಗುರಿನಿಂದ ಸುತ್ತ ಸೀಳಿ, ಎಸಳಿನ ಜೊತೆ ಕೇಸರಗಳನ್ನು ಬಿಡಿಸಿ, ಗುರುತು ಕಟ್ಟುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪರಾಗವನ್ನು ಶಲಾಕಾಗ್ರಕ್ಕೆ ಸವರುತ್ತಾರೆ. ಬೆರಳು ಸಣ್ಣದಿದ್ದಷ್ಟು ಮೊಗ್ಗು ಹಾಳಾಗುವುದು ಕಡಿಮೆಯೆಂಬ ಲೆಕ್ಕದಲ್ಲಿ ಹುಡುಗಿಯರನ್ನು ಕರೆಯುತ್ತಾರೆ. ಹದಿನಾಲ್ಕು ತುಂಬದವರನ್ನು ಹೀಗೆ ಕೂಲಿಗೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಅವಳಿಗೆ ಆಗ ಹದಿಮೂರು. ನಾನು ಶುಚಿತ್ವದ ದೋಷವೆಂದು ಬರೆದದ್ದು ಅವಳ ಕೆಲಸದ ಹತಾರ.

ಮರುದಿನ ನಾವು ಮೂವರು ಅವಳ ಮನೆಗೆ ಹೋದೆವು. ಅವಳು ಇನ್ನೂ ಹೊಲದಿಂದ ಬಂದಿರಲಿಲ್ಲ, ತಾಯಿ ಆಗಷ್ಟೇ ಬಂದಿದ್ದರು. ಕಾನೂನಿನ ಮಾತು ಎತ್ತಬೇಕೆಂದು ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಸಾಲು ಜೋಡಿಸಿಕೊಂಡು ಹೋಗಿದ್ದೆ. ತಾಯಿ ಚಾಪೆ ಹಾಸಿ ಕೂರಿಸಿ, ನೀರು ಕೊಟ್ಟು, ತಾವೇ ಹೇಳಿದರು: "ಆಟ ಐತಿ ಅಂತಿದ್ಳಲ್ರಿ, ಅವತ್ತ ಹೊಲಕ್ಕ ಬಾ ಅಂದ್ರ ಕಾಲ ಹಿಡಿದ್ರೂ ಬರ್ತಿರಲಿಲ್ಲ. ಈಗ ಆಟ ಇಲ್ಲಂತ, ಟೀಚರ್ ಬಿಡಸ್ಯಾರಂತ. ಹಂಗಾರ ಸಾಲಿಗ್ಯಾಕ ಹೋಗ್ಲಿ ಅಂದ್ಳು. ಅದಕ್ಕ ಕರ್ಕೊಂಡ್ ಹೊಂಟೇನ್ರಿ."

ಟೀಚರ್ ಅಂದರೆ ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೇ ಹೇಳಿದೆ. ಸಿದ್ಧಪಡಿಸಿಕೊಂಡಿದ್ದ ಸಾಲುಗಳು ಯಾವುವೂ ಆಮೇಲೆ ಬಾಯಿಗೆ ಬರಲಿಲ್ಲ. ಕಾನೂನಿನ ವಿಷಯವನ್ನು ದೈಹಿಕ ಶಿಕ್ಷಕರು ತಿಳಿಯುವ ಹಾಗೆ, ಹೆದರಿಸದೆ ಹೇಳಿದರು. ತಾಯಿಯ ಕಡೆಯ ಲೆಕ್ಕವೂ ಇತ್ತು: ಹೊಲದವರಿಂದ ಮೊದಲೇ ತಂದ ಮುಂಗಡ ತೀರಬೇಕು. ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮುಖ್ಯೋಪಾಧ್ಯಾಯರು ಆ ವಾರದ ಎಸ್‌ಡಿಎಂಸಿ ಸಭೆಯಲ್ಲಿ ಯಾರ ಹೆಸರನ್ನೂ ಎತ್ತದೆ ಕ್ರಾಸಿಂಗ್ ಕೆಲಸದ ಮಾತು ತಂದರು. ಸದಸ್ಯರಲ್ಲಿ ಇಬ್ಬರದು ಬೀಜದ ಹೊಲವೇ ಇತ್ತು. ಸಭೆ ಉದ್ದವಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಬೆತ್ತ ಹಿಡಿಯಲಿಲ್ಲ, ಬೈಯಲಿಲ್ಲ, ಆದ್ದರಿಂದ ನಾನು ಶಿಕ್ಷೆ ಕೊಡುವವಳಲ್ಲ ಎಂದುಕೊಂಡಿದ್ದೆ. ಆಟವನ್ನು ಬಹುಮಾನದ ಹಾಗೆ ಕೊಡಬಹುದು, ಕಿತ್ತುಕೊಳ್ಳಬಹುದು ಎಂಬ ಯೋಚನೆ ನನ್ನ ತಲೆಯಲ್ಲಿ ಎಲ್ಲಿಂದ ಬಂತು? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಪ್ರೌಢ ಹಂತದವರೆಗೂ ಕಡ್ಡಾಯ ವಿಷಯವಾಗಿ ಇರಿಸಿದೆ. ಇಂಗ್ಲಿಷ್ ಮನೆಗೆಲಸ ಮಾಡದವರನ್ನು ಗಣಿತದ ಪಿರಿಯಡ್‌ನಿಂದ ಹೊರಗಿಡುತ್ತೇವೆ ಎಂದು ಯಾರಾದರೂ ಅಂದರೆ ನಾನೇ ಮೊದಲು ಜಗಳಕ್ಕೆ ಹೋಗುತ್ತಿದ್ದೆ.

ನಿಯಮವನ್ನು ತೆಗೆದುಹಾಕಿದೆ. ಕೂಡಲೇ ಮನೆಗೆಲಸದ ಪುಸ್ತಕಗಳು ಮೊದಲಿನ ಸ್ಥಿತಿಗೆ ಬಂದವು, ಅದನ್ನೂ ಹೇಳಿಬಿಡುತ್ತೇನೆ.

ದೈಹಿಕ ಶಿಕ್ಷಕರು ಅಭ್ಯಾಸದ ಹೊತ್ತನ್ನು ಸಂಜೆಯಿಂದ ಬೆಳಿಗ್ಗೆ ಪ್ರಾರ್ಥನೆಗೆ ಮುಂಚಿನ ಹೊತ್ತಿಗೆ ತಂದರು, ವಾರದ ಆರೂ ದಿನ. ಪರಾಗ ಸವರುವ ಕೆಲಸ ಬೆಳಗಿನದು. ಆ ಹೊತ್ತಿಗೆ ಹುಡುಗಿ ಮೈದಾನದಲ್ಲಿದ್ದರೆ ಆಮೇಲೆ ಶಾಲೆಯಲ್ಲೇ ಉಳಿಯುತ್ತಾಳೆ ಎಂಬುದು ಅವರ ಲೆಕ್ಕ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಅಭ್ಯಾಸಕ್ಕೆ ಬಾ ಎಂದು ಅವರೇ ಹೋಗಿ ಕರೆದರು. ಸೆಪ್ಟೆಂಬರ್ ಎರಡನೆಯ ವಾರ ಅವಳು ಬಂದಳು. ಅಷ್ಟರಲ್ಲಿ ನಮ್ಮ ತಂಡ ವಲಯದಲ್ಲಿ ಗೆದ್ದು ತಾಲ್ಲೂಕು ಮಟ್ಟದ ಮೊದಲ ಪಂದ್ಯದಲ್ಲೇ ಸೋತಾಗಿತ್ತು. ಅವಳಿದ್ದಿದ್ದರೆ ಗೆಲ್ಲುತ್ತಿದ್ದರೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಪರಿಹಾರ ಬೋಧನೆಯ ಒಂದು ಪಾಠವನ್ನು ನಾನು ಖೋ ಖೋ ಅಂಕಣದಲ್ಲೇ ಮಾಡಿದೆ. ಇದು ಇತರ ಪ್ರಶಿಕ್ಷಣಾರ್ಥಿಗಳಿಗೂ ಉಪಯೋಗವಾದೀತು. ಎರಡು ಕಂಬಗಳ ನಡುವಿನ ಪಟ್ಟಿಯನ್ನು ಸಂಖ್ಯಾರೇಖೆ ಎಂದುಕೊಳ್ಳಿ, ಸೊನ್ನೆ ಎಲ್ಲಿದೆ ಎಂದು ಕೇಳಿದೆ. ಕಂಬದ ಹತ್ತಿರ ಎಂದರು ಕೆಲವರು, ನಾಲ್ಕನೆಯ ಚೌಕ ಎಂದರು ಕೆಲವರು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಇರಬೇಕು ಎಂದೆ. ಚೌಕಗಳು ಎಂಟು. ನಡುವೆ ಚೌಕವೇ ಇಲ್ಲ. ಸೊನ್ನೆ ನಾಲ್ಕು ಮತ್ತು ಐದನೆಯ ಚೌಕಗಳ ನಡುವಿನ ಖಾಲಿ ಜಾಗಕ್ಕೆ ಬಂತು. ಪಕ್ಕಪಕ್ಕದ ಚೌಕಗಳ ಅಂತರವನ್ನು ಒಂದು ಮಾನ ಎಂದುಕೊಂಡರೆ ಐದನೆಯ ಚೌಕದಲ್ಲಿ ಕುಳಿತವಳ ಸಂಖ್ಯೆ 1/2, ಆರನೆಯದು 3/2, ಕೊನೆಯದು 7/2. ಆ ಕಡೆ −1/2 ರಿಂದ −7/2 ರವರೆಗೆ. 1, 2, 3 ಎಲ್ಲ ಯಾರೂ ಕೂರದ ಜಾಗದಲ್ಲಿ. ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ, ಅಲ್ಲಿ ನಿಂತಾಗ ಹೊಳೆದದ್ದು. ಪಾಠ ಯೋಜನೆಯಲ್ಲಿ ಪೂರ್ಣಾಂಕಗಳನ್ನೇ ಬರೆದುಕೊಂಡು ಹೋಗಿದ್ದೆ.

ಮೂರನೆಯ ಚೌಕದಿಂದ, ಅಂದರೆ −3/2 ರಿಂದ, 5/2 ಕ್ಕೆ ಎಷ್ಟು ಮಾನ ಎಂದೆ. ಆ ಹುಡುಗಿ ಕುಳಿತಲ್ಲಿಂದಲೇ "ನಾಕು" ಎಂದಳು. ಹೇಗೆ ಎಂದರೆ, "ಈಕಿ ಎದ್ರ ಆಕಿ ಮುಟ್ಟಾಕ ನಾಕ್ ಮನಿ ದಾಟಬೇಕ್ರಿ." −3/2 ಕ್ಕೆ 1/2 ಕೂಡಿಸು ಎಂದೆ. ಎದ್ದು ಮೂರನೆಯ ಚೌಕದಲ್ಲಿ ನಿಂತು, ಅರ್ಧ ಅಂತರ ಬಲಕ್ಕೆ ಸರಿದು, ಖಾಲಿ ಜಾಗದಲ್ಲಿ ನಿಂತಳು. "ಇದು ಮೈನಸ್ ಒಂದು." ಒಂದನೆಯ ಚೌಕದವಳೂ ಎಂಟನೆಯವಳೂ ಪರಸ್ಪರ ಸಂಕಲನದ ವಿಲೋಮ ಎಂಬುದು ಹೇಳದೆಯೇ ಬಂತು. ಕಂಬದ ಸಂಖ್ಯೆ ಯಾವುದು ಎಂದಾಗ ಎಲ್ಲರೂ 9/2 ಎಂದರು. ಅವಳು ಒಪ್ಪಲಿಲ್ಲ. ಹೆಜ್ಜೆಗೆ ಹೆಜ್ಜೆ ತಾಗಿಸಿ ಅಳೆದು, ನಮ್ಮ ಮೈದಾನದಲ್ಲಿ ಕೊನೆಯ ಚೌಕದಿಂದ ಕಂಬಕ್ಕೆ ಇರುವ ದೂರ ಚೌಕಗಳ ನಡುವಿನ ದೂರಕ್ಕಿಂತ ಹೆಚ್ಚಿದೆ ಎಂದು ತೋರಿಸಿದಳು. ಹಾಗಾದರೆ ಎಷ್ಟು? ಅಷ್ಟರಲ್ಲಿ ಗಂಟೆ ಹೊಡೆಯಿತು.

ಕಾಗದದ ಮೇಲೆ ಇದೆಲ್ಲ ಪೂರ್ತಿ ಇಳಿಯಲಿಲ್ಲ. ದಸರಾಕ್ಕೆ ಮುಂಚಿನ ಸಂಕಲನಾತ್ಮಕ ಮೌಲ್ಯಮಾಪನದಲ್ಲಿ ಒಂದೇ ಛೇದವಿದ್ದ ಲೆಕ್ಕಗಳನ್ನು ಸರಿಯಾಗಿ ಮಾಡಿದ್ದಳು, ಛೇದ ಬೇರೆಯಾದಲ್ಲಿ ಹಳೆಯ ತಪ್ಪೇ. ಅವಳು ಕಳೆದುಕೊಂಡ ಆ ಸುಮಾರು ಐದು ವಾರಗಳಲ್ಲಿ ನಾನು ಸಮೀಕರಣಗಳನ್ನು ಮುಗಿಸಿದ್ದೆ. ಆ ಭಾಗದ ಪ್ರಶ್ನೆಗಳನ್ನು ಅವಳು ಮುಟ್ಟಿರಲಿಲ್ಲ.

ಹೊರಡುವ ದಿನ ಮೂರೂ ಪುಸ್ತಕಗಳನ್ನು ಮಾರ್ಗದರ್ಶಕ ಶಿಕ್ಷಕಿಗೆ ಒಪ್ಪಿಸಿದೆ. ಅಂಕಗಳ ಪುಸ್ತಕದಲ್ಲಿ "ಗಮನವಿಲ್ಲ, ಅನಿಯಮಿತ" ಎಂಬುದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಅವಳು ಬಂದ ವಾರಗಳನ್ನೂ ಛೇದ ಬೇರೆಯಾದಾಗ ಆಗುವ ತಪ್ಪನ್ನೂ ಬರೆದಿದ್ದೆ. ರಜೆ ಮುಗಿಯುವ ಹೊತ್ತಿಗೂ ಕೆಲವು ಹೊಲಗಳಲ್ಲಿ ಕ್ರಾಸಿಂಗ್ ನಡೆದಿರುತ್ತದೆ ಎಂದು ಅವರು ನೆನಪಿಸಿದರು. ಬೆಳಗಿನ ಅಭ್ಯಾಸವನ್ನು ಕ್ರೀಡಾಕೂಟ ಮುಗಿದರೂ ನಿಲ್ಲಿಸಬಾರದೆಂದು ದೈಹಿಕ ಶಿಕ್ಷಕರಿಗೆ ಹೇಳಲು ಹೋದೆ. ಅವರು ಸುಣ್ಣದ ಡಬ್ಬಿ ಹಿಡಿದು ಅಂಕಣದ ಗೆರೆ ಎಳೆಸುತ್ತಿದ್ದರು. ಅಳತೆ ಟೇಪಿನ ಇನ್ನೊಂದು ತುದಿ ಆ ಹುಡುಗಿಯ ಕೈಯಲ್ಲಿತ್ತು.