ಬೇಲದ ಹಣ್ಣಿನ ಮಸಾಲೆ ಪಾಕ: ಅದು ಕೆಡದಿರುವುದೇಕೆ?

ಮಳೆಗಾಲ ಹಿಂದೆ ಸರಿದು ಶರದೃತು ಕಾಲಿಡುತ್ತಲೇ ಕಲಬುರಗಿ ಜಿಲ್ಲೆಯ ಕರಿಮಣ್ಣಿನ ಬಯಲಿನಲ್ಲಿ ಹಿಂಗಾರಿ ಜೋಳದ ಬಿತ್ತನೆ ಮೊದಲಾಗುತ್ತದೆ. ಬೇಲದ ಮರಗಳಲ್ಲಿ ಕಾಯಿ ಬಲಿಯುವುದೂ ಈ ಕಾಲದಲ್ಲಿಯೇ. ಉತ್ತರ ಕರ್ನಾಟಕದಲ್ಲಿ ಈ ಕಾಯಿಗೆ ಬಳವಲಕಾಯಿ ಎಂದು ಹೆಸರು. ಆಳಂದದ ಗಡಿಯಾಚೆಯ ಮರಾಠಿಗರು ಇದನ್ನು ಕವಠ ಎನ್ನುತ್ತಾರೆ. ಸಂಸ್ಕೃತದಲ್ಲಿ ಇದು ಕಪಿತ್ಥ. ಇದರ ತಿರುಳಿಗೆ ಬೆಲ್ಲ, ಮೆಣಸಿನಕಾಯಿ, ಜೀರಿಗೆ ಸೇರಿಸಿ ಅರೆದ ಚಟ್ನಿ ಜೋಳದ ರೊಟ್ಟಿಗೆ ಸೊಗಸಾದ ಜೊತೆ.

ಆದರೆ ಅರೆದಿಟ್ಟ ಹಸಿ ಚಟ್ನಿ ಕೆಲವೇ ದಿನ ಉಳಿಯುತ್ತದೆ. ಅದೇ ತಿರುಳನ್ನು ಬೆಲ್ಲದೊಡನೆ ಕಾಯಿಸಿ ಪಾಕವಾಗಿಸಿದರೆ ಬೇಸಗೆಯವರೆಗೂ ಇಡಬಹುದು. ಆದರೂ ಒಂದು ಮನೆಯ ಪಾಕ ಆರು ತಿಂಗಳು ಬಾಳಿದರೆ ಇನ್ನೊಂದು ಮನೆಯದು ಹದಿನೈದು ದಿನಗಳಲ್ಲಿ ಬೂಷ್ಟು ಹಿಡಿಯುವುದುಂಟು. ಆಗ ಬೆಲ್ಲ, ಉರುವಲು, ದುಡಿಮೆ ಎಲ್ಲವೂ ವ್ಯರ್ಥ. ಈ ವ್ಯತ್ಯಾಸಕ್ಕೆ ಕಾರಣ ಕೈಗುಣವಲ್ಲ. ಅದು ತೂಕಕ್ಕೂ ಅಳತೆಗೂ ಸಿಕ್ಕುವ ಸಂಗತಿ. ಅದನ್ನು ಇಲ್ಲಿ ವಿಚಾರಿಸೋಣ.

ಹಣ್ಣಿನ ಪರಿಚಯ

ಬೇಲವೂ ಬಿಲ್ವವೂ ಒಂದೇ ಎಂದು ಹಲವರು ತಿಳಿಯುತ್ತಾರೆ. ಎರಡೂ ನಿಂಬೆಯ ಕುಟುಂಬಕ್ಕೆ ಸೇರಿದವು, ಎರಡಕ್ಕೂ ಗಟ್ಟಿ ಕರಟವುಂಟು. ಬಿಲ್ವದ ಎಲೆಯಲ್ಲಿ ಮೂರು ದಳಗಳು. ಬೇಲದ ಎಲೆಯಲ್ಲಿ ಸಾಮಾನ್ಯವಾಗಿ ಐದು ಅಥವಾ ಏಳು. ಬೇಲದ ಸಸ್ಯಶಾಸ್ತ್ರೀಯ ನಾಮ ಲಿಮೋನಿಯ ಅಸಿಡಿಸ್ಸಿಮ. ಲ್ಯಾಟಿನ್ ಭಾಷೆಯಲ್ಲಿ ‘ಅಸಿಡಿಸ್ಸಿಮ’ ಎಂದರೆ ‘ಅತ್ಯಂತ ಹುಳಿಯಾದುದು’.

ಕಾಯಿ ಬಲಿತಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯುಂಟು. ಸುಮಾರು 30 ಸೆಂಟಿಮೀಟರ್ ಎತ್ತರದಿಂದ ಅದನ್ನು ಕಲ್ಲುನೆಲದ ಮೇಲೆ ಬೀಳಬಿಡಿ. ಎಳೆಯ ಕಾಯಿ ಪುಟಿಯುತ್ತದೆ, ಬಲಿತದ್ದು ಪುಟಿಯುವುದಿಲ್ಲ. ಬಲಿತ ಕಾಯನ್ನು ಕೆಲವು ದಿನ ಬಿಸಿಲಿನಲ್ಲಿಟ್ಟರೆ ಒಳತಿರುಳು ಕಂದು ಬಣ್ಣಕ್ಕೆ ತಿರುಗಿ ಘಮಘಮಿಸುತ್ತದೆ.

ಪಾಕ ಗಟ್ಟಿಯಾಗುವುದು ಹೇಗೆ?

ಹಣ್ಣಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ದ್ರವ್ಯಕ್ಕೆ ಪೆಕ್ಟಿನ್ ಎಂದು ಹೆಸರು. 1825ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಂರಿ ಬ್ರಾಕೊನೊ ಇದನ್ನು ಬೇರ್ಪಡಿಸಿ, ‘ಹೆಪ್ಪುಗಟ್ಟಿಸುವ’ ಎಂಬರ್ಥದ ಗ್ರೀಕ್ ಪದದಿಂದ ಹೆಸರಿಟ್ಟನು. ಅನೇಕ ಹಣ್ಣುಗಳಲ್ಲಿ ಇದು ಶೇಕಡ 1ರಷ್ಟೂ ಇರುವುದಿಲ್ಲ; ಬೇಲದ ತಿರುಳಿನಲ್ಲಾದರೋ ಶೇಕಡ 3ರಿಂದ 5ರವರೆಗೆ ಉಂಟು. ಪಾಕಕ್ಕೆ ಈ ಹಣ್ಣು ಒಗ್ಗುವುದು ಇದರಿಂದಲೇ.

ಪೆಕ್ಟಿನ್ನಿನ ಅಣುಗಳು ಉದ್ದನೆಯ ಸರಪಳಿಗಳು. ನೀರಿನಲ್ಲಿ ಅವು ಋಣ ವಿದ್ಯುದಂಶವನ್ನು ತಳೆದು ಪರಸ್ಪರ ದೂರ ತಳ್ಳುತ್ತವೆ. ಹಣ್ಣಿನ ಆಮ್ಲವು ಈ ವಿದ್ಯುದಂಶವನ್ನು ತಗ್ಗಿಸುತ್ತದೆ; ಬೆಲ್ಲದ ಸಕ್ಕರೆಯು ಅವುಗಳ ಸುತ್ತಲಿನ ನೀರನ್ನು ತನ್ನತ್ತ ಸೆಳೆಯುತ್ತದೆ. ಆಗ ಸರಪಳಿಗಳು ಒಂದನ್ನೊಂದು ಹಿಡಿದು ಬಲೆಯಾಗುತ್ತವೆ. ಬಲೆಯ ಕಣ್ಣುಗಳಲ್ಲಿ ಪಾಕ ಸೆರೆಯಾಗಿ ಹೆಪ್ಪುಗಟ್ಟುತ್ತದೆ. ಪೆಕ್ಟಿನ್, ಆಮ್ಲ, ಸಕ್ಕರೆ — ಈ ಮೂರರಲ್ಲಿ ಒಂದು ಕಡಿಮೆಯಾದರೂ ಪಾಕ ನೀರಾಗಿಯೇ ಉಳಿಯುತ್ತದೆ. ಅತಿಯಾಗಿ ಕಳಿತ ಹಣ್ಣಿನಲ್ಲಿ ಕಿಣ್ವಗಳು ಪೆಕ್ಟಿನ್ನನ್ನು ತುಂಡರಿಸಿರುತ್ತವೆ. ಆದ್ದರಿಂದ ಮೂರು ಪಾಲು ಹಣ್ಣಿಗೆ ಒಂದು ಪಾಲು ಆಗತಾನೆ ಬಲಿತದ್ದನ್ನು ಸೇರಿಸುವುದು ಒಳ್ಳೆಯದು.

ಕೆಡದಿರುವುದೇಕೆ?

ಬ್ಯಾಕ್ಟೀರಿಯ, ಯೀಸ್ಟ್, ಬೂಷ್ಟುಗಳು ಬದುಕಲು ನೀರು ಬೇಕು. ಪಾಕದಲ್ಲಿ ನೀರಿದ್ದರೂ ಅದರ ಬಹುಭಾಗವನ್ನು ಸಕ್ಕರೆ ಹಿಡಿದಿಟ್ಟಿರುತ್ತದೆ. ಅಭಿಸರಣದ ನಿಯಮದಂತೆ ಸೂಕ್ಷ್ಮಜೀವಿಯ ಒಳಗಿನ ನೀರೇ ಹೊರಗಿನ ಸಾಂದ್ರ ದ್ರಾವಣದತ್ತ ಹರಿದು ಜೀವಿ ಸೊರಗುತ್ತದೆ. ಶುದ್ಧ ನೀರಿನ ಜಲಲಭ್ಯತೆಯನ್ನು 1 ಎಂದಿಟ್ಟುಕೊಂಡರೆ, ಅದು 0.91ಕ್ಕಿಂತ ಕೆಳಗಿಳಿದಾಗ ಹೆಚ್ಚಿನ ಬ್ಯಾಕ್ಟೀರಿಯಗಳು ಬೆಳೆಯಲಾರವು; ಸುಮಾರು 0.80ರಲ್ಲಿ ಬಹುತೇಕ ಬೂಷ್ಟುಗಳೂ ನಿಲ್ಲುತ್ತವೆ. ಹದವಾದ ಪಾಕ ಈ ಎರಡನೆಯ ಮೇರೆಯ ಆಸುಪಾಸಿನಲ್ಲಿರುತ್ತದೆ. ಆದಕಾರಣ ಬ್ಯಾಕ್ಟೀರಿಯಗಳಿಗಿಂತ ಬೂಷ್ಟಿನ ಭಯವೇ ಅದಕ್ಕೆ ಹೆಚ್ಚು. ಪಾಕ ಸ್ವಲ್ಪ ತೆಳುವಾದರೂ ಬೂಷ್ಟು ಗೆಲ್ಲುತ್ತದೆ. ಜಾಮಿನಲ್ಲಿ ಕರಗಿದ ಘನಾಂಶ ಶೇಕಡ 65ಕ್ಕೆ ಕಡಿಮೆಯಿರಬಾರದೆಂದು ಭಾರತದ 2011ರ ಆಹಾರ ನಿಯಮಗಳು ವಿಧಿಸಿರುವುದು ಸುಮ್ಮನೆ ಅಲ್ಲ.

ಮಸಾಲೆಯೇ ಪಾಕವನ್ನು ಕಾಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಲವಂಗದ ಯೂಜಿನಾಲ್ ಸೂಕ್ಷ್ಮಜೀವಿಗಳನ್ನು ತಡೆಯಬಲ್ಲದೆಂಬುದು ನಿಜ. ಆದರೆ ರುಚಿಗೆಂದು ಹಾಕುವ ಚಿಟಿಕೆಯಷ್ಟರಿಂದ ಆ ಕೆಲಸವಾಗದು. ಮಸಾಲೆಯು ಕಂಪಿಗೆ, ಕಾವಲಿಗೆ ಬೆಲ್ಲ ಮತ್ತು ಹುಳಿ.

ಮಾಡುವ ಕ್ರಮ

ಬೇಕಾದುವು: ಬೇಲದ ತಿರುಳು 600 ಗ್ರಾಂ, ನೀರು 600 ಮಿಲಿಲೀಟರ್, ಬೆಲ್ಲ 750 ಗ್ರಾಂ, ಉಪ್ಪು 10 ಗ್ರಾಂ, ಹುರಿದು ಪುಡಿಮಾಡಿದ ಜೀರಿಗೆ 5 ಗ್ರಾಂ, ಒಣಶುಂಠಿ ಪುಡಿ 5 ಗ್ರಾಂ, ಮೆಣಸಿನಕಾಯಿ ಪುಡಿ 3 ಗ್ರಾಂ, ಲವಂಗ ನಾಲ್ಕು. ಭೀಮಾನದಿಯ ದಂಡೆಯಲ್ಲಿ ಕಬ್ಬು ಬೆಳೆಯುವ ಅಫಜಲಪುರ, ಜೇವರ್ಗಿಗಳ ಕಡೆ ಬೆಲ್ಲವೇನೂ ಅಪರೂಪದ ವಸ್ತುವಲ್ಲ.

ತಿರುಳನ್ನು ನೀರಿನೊಡನೆ 20 ನಿಮಿಷ ಮೆಲ್ಲಗೆ ಬೇಯಿಸಿ, ಜರಡಿಯಲ್ಲಿ ಹಿಸುಕಿ ಬೀಜ ಮತ್ತು ನಾರನ್ನು ತೆಗೆಯಿರಿ. ದೊರೆತ ರಸದಲ್ಲಿ 1 ಕಿಲೋಗ್ರಾಂ ತೂಗಿಕೊಳ್ಳಿ. ಹುಳಿ ಸಾಲದೆಂದು ತೋರಿದರೆ ಒಂದು ನಿಂಬೆಹಣ್ಣಿನ ರಸವನ್ನು ಹಿಂಡಿ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಮಣ್ಣು ಕಸ ಹೋಗುವಂತೆ ಬಟ್ಟೆಯಲ್ಲಿ ಸೋಸಿ ಸೇರಿಸಿ, ಕೈಬಿಡದೆ ತಿರುವುತ್ತ ಕುದಿಸಿರಿ.

ಪಾತ್ರೆಯ ಆಯ್ಕೆಯಲ್ಲಿ ಎಚ್ಚರವಿರಲಿ. ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಗಳನ್ನು ಆಮ್ಲವು ಕರಗಿಸುತ್ತದೆ. ಕರಗಿದ ತಾಮ್ರ ಹೊಟ್ಟೆಗೆ ವಿಷ. ಕಬ್ಬಿಣದ ಬಾಣಲೆಯಾದರೆ ಹಣ್ಣಿನ ಟ್ಯಾನಿನ್ನಿನೊಡನೆ ಕೂಡಿ ಪಾಕ ಕಪ್ಪಾಗುತ್ತದೆ. ಸ್ಟೇನ್‌ಲೆಸ್ ಉಕ್ಕಿನ ಪಾತ್ರೆ ಯೋಗ್ಯವಾದುದು.

ಹದ ತಿಳಿಯುವ ಬಗೆ

ಬರಿಯ ಪಾತ್ರೆಯ ತೂಕವನ್ನು ಮೊದಲೇ ಬರೆದಿಡಿ. ಅದನ್ನು ಕಳೆದು ಪಾಕದ ತೂಕ 1200 ಗ್ರಾಮಿಗೆ ಇಳಿದಾಗ ಒಲೆಯಿಂದ ಇಳಿಸಿರಿ. ಲೆಕ್ಕ ಸರಳವಾದುದು: 750 ಗ್ರಾಂ ಬೆಲ್ಲವು 1200 ಗ್ರಾಮಿನಲ್ಲಿ ಶೇಕಡ 62½ ಆಗುತ್ತದೆ. ಬೆಲ್ಲದಲ್ಲಿಯೂ ಕೊಂಚ ತೇವವಿರುವುದು ನಿಜ. ಹಣ್ಣಿನದೇ ಸಕ್ಕರೆ ಮತ್ತು ಆಮ್ಲಗಳು ಆ ಕೊರತೆಯನ್ನು ತುಂಬಿ ಘನಾಂಶವನ್ನು ಶೇಕಡ 65ರ ಮೇಲಕ್ಕೆ ಒಯ್ಯುತ್ತವೆ.

ಉಷ್ಣಮಾಪಕವಿದ್ದರೆ ಇನ್ನೊಂದು ದಾರಿಯುಂಟು. ದ್ರಾವಣ ಸಾಂದ್ರವಾದಂತೆ ಅದರ ಕುದಿಬಿಂದು ಏರುತ್ತದೆ. ಜಾಮು 105 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹದವಾಗುತ್ತದೆಂದು ಪುಸ್ತಕಗಳಲ್ಲಿ ಬರೆದಿರುವುದು ಸಮುದ್ರಮಟ್ಟದ ಲೆಕ್ಕ. ಕಲಬುರಗಿಯು ಸುಮಾರು 450 ಮೀಟರ್ ಎತ್ತರದಲ್ಲಿದೆ; ಅಲ್ಲಿ ನೀರು ಸುಮಾರು 98½ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆದ್ದರಿಂದ ಮೊದಲು ನಿಮ್ಮೂರಿನ ನೀರಿನ ಕುದಿಬಿಂದುವನ್ನು ಅಳೆದು, ಅದಕ್ಕೆ 4ರಿಂದ 5 ಡಿಗ್ರಿ ಕೂಡಿಸಿಕೊಳ್ಳಿ. ಈ ಎತ್ತರದಲ್ಲಿ 105ರವರೆಗೆ ಕಾಯುತ್ತ ಕುಳಿತರೆ ಪೆಕ್ಟಿನ್ ಮುರಿದು ಪಾಕ ಅಂಟಾಗುತ್ತದೆ.

ಮಸಾಲೆ, ಉಪ್ಪುಗಳನ್ನು ಕೊನೆಯ ಎರಡು ಮೂರು ನಿಮಿಷಗಳಲ್ಲಿ ಸೇರಿಸಬೇಕು. ಮೊದಲೇ ಹಾಕಿದರೆ ಸುವಾಸನೆಯ ತೈಲಗಳು ಹಬೆಯೊಡನೆ ಹಾರಿಹೋಗುತ್ತವೆ. ನೀರಿನಲ್ಲಿ ಕುದಿಸಿ ಒಣಗಿಸಿದ ಗಾಜಿನ ಶೀಸೆಗಳಿಗೆ ಪಾಕವನ್ನು ಬಿಸಿಯಾಗಿರುವಾಗಲೇ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿರಿ. ಬಳಸುವಾಗ ಒದ್ದೆ ಚಮಚ ಕೂಡದು. ಒಂದು ಹನಿ ನೀರು ಬಿದ್ದೆಡೆಯಲ್ಲಿ ಸಕ್ಕರೆಯ ಕಾವಲು ಸಡಿಲವಾಗುತ್ತದೆ. ಬೂಷ್ಟು ಕಂಡರೆ ಮೇಲ್ಪದರವನ್ನು ಮಾತ್ರ ಕೆರೆದು ಉಳಿದುದನ್ನು ತಿನ್ನಬಾರದು. ಅದರ ಎಳೆಗಳೂ ಕೆಲವು ಬಗೆಗಳ ವಿಷವೂ ಕೆಳಗಿಳಿದಿರಬಹುದು. ಇಡೀ ಶೀಸೆಯನ್ನು ಚೆಲ್ಲುವುದೇ ಸರಿ.

ಅಭ್ಯಾಸ

ಪಾಕ 1500 ಗ್ರಾಂ ತೂಗುತ್ತಿರುವಾಗ ಒಂದು ಪುಟ್ಟ ಶೀಸೆಯಷ್ಟು ತೆಗೆದಿಡಿ. 1200 ಗ್ರಾಮಿಗೆ ಬಂದ ಮೇಲೆ ಇನ್ನೊಂದನ್ನು ತುಂಬಿರಿ. ಎರಡನ್ನೂ ತೆಳುಬಟ್ಟೆಯಿಂದ ಮುಚ್ಚಿ ಒಂದೇ ಸ್ಥಳದಲ್ಲಿಟ್ಟು, ನಾಲ್ಕು ವಾರ ಪ್ರತಿದಿನವೂ ನೋಡಿ ಬರೆದಿಡಿ. ಇವು ಪರೀಕ್ಷೆಗೆ ಮಾತ್ರ, ತಿನ್ನಲು ಅಲ್ಲ. ಯಾವುದರಲ್ಲಿ ಮೊದಲು ಬೂಷ್ಟು ಕಾಣಿಸಿತು? ಎಷ್ಟನೆಯ ದಿನ? ನೀವು ಬರೆದ ಆ ಎರಡು ದಿನಾಂಕಗಳ ನಡುವಣ ಅಂತರವೇ ಮುನ್ನೂರು ಗ್ರಾಂ ನೀರಿನ ಬೆಲೆ.