ಗಂಡನ ಹಠ, ಹೆಂಡತಿಯ ಹಣೆಬರಹ

ಸಂಸಾರವೆಂದ ಮೇಲೆ ಮಾತಿಗೆ ಮಾತು ಬೆಳೆಯುವುದು ಸಹಜ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಈ ಗಾದೆಯನ್ನು ನಾವು ನಗುವಿಗಾಗಿ ಹೇಳುತ್ತೇವೆಯೇ ಹೊರತು, ಅದರಲ್ಲಿ ಅಡಗಿರುವ ಎರಡು ಷರತ್ತುಗಳನ್ನು ಗಮನಿಸುವುದಿಲ್ಲ. ಜಗಳ ಮುಗಿಯಬೇಕಾದರೆ ಇಬ್ಬರೂ ಉಣ್ಣಬೇಕು. ಇಬ್ಬರೂ ಚೆನ್ನಾಗಿ ನಿದ್ರಿಸಬೇಕು. ಒಬ್ಬರು ಕೋಪದಿಂದ ಊಟ ಬಿಟ್ಟು, ಇನ್ನೊಬ್ಬರು ಕುಡಿದು ಬಂದು ಜಗುಲಿಯ ಮೇಲೆ ಉರುಳಿಕೊಂಡರೆ ಆ ಜಗಳ ಮಾರನೆಯ ದಿನಕ್ಕೂ ಉಳಿಯುತ್ತದೆ. ಹೀಗೆ ದಿನದಿಂದ ದಿನಕ್ಕೆ ಉಳಿದ ಜಗಳವು ಒಬ್ಬರಲ್ಲಿ ಹಠವಾಗಿ, ಮತ್ತೊಬ್ಬರಲ್ಲಿ "ಎಲ್ಲ ಕಷ್ಟವೂ ನನಗೇ" ಎಂಬ ಕೊರಗಾಗಿ ಬೇರೂರುತ್ತದೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಎರಡು ಎಕರೆ ಖುಷ್ಕಿ ಜಮೀನು, ಇಬ್ಬರು ಮಕ್ಕಳು, ಒಂದು ಹಸು. ಯಜಮಾನನಿಗೆ ವಯಸ್ಸು ನಲವತ್ತೆರಡು. ಆಶಾ ಕಾರ್ಯಕರ್ತೆ ಎರಡು ಸಲ ಮನೆಗೆ ಬಂದು, "ಅಣ್ಣಾ, ಒಂದು ಸಲ ಬಂದು ಬಿ.ಪಿ. ನೋಡಿಸಿಕೊಂಡು ಹೋಗಿ" ಎಂದರೂ, "ನನಗೇನಾಗಿದೆಯಮ್ಮ? ಕಲ್ಲುಗುಂಡಿನ ಹಾಗಿದ್ದೇನೆ" ಎಂದು ಕಳುಹಿಸಿದ್ದಾನೆ. ಹೆಂಡತಿ ಕೋಳಿ ಕೂಗುವ ಮೊದಲೇ ಎದ್ದು ಕೊಟ್ಟಿಗೆ, ಒಲೆ, ಹೊಲ ಎಂದು ದುಡಿದು, ರಾತ್ರಿ ಎಲ್ಲರ ಊಟವಾದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಉಣ್ಣುತ್ತಾಳೆ. ಒಂದು ಕೊಡ ನೀರು ಹೊತ್ತು ತಂದರೆ ಏದುಸಿರು, ಕಣ್ಣಿಗೆ ಕತ್ತಲೆ. ಕೇಳಿದರೆ "ನನ್ನ ಹಣೆಬರಹ" ಎಂಬ ಒಂದೇ ಉತ್ತರ. ಕಬ್ಬಿಣಾಂಶದ ಮಾತ್ರೆಗಳು ಅಟ್ಟದ ಮೇಲೆ ಹಾಗೆಯೇ ಇವೆ.

"ಆಸ್ಪತ್ರೆಗೆ ಹೋಗಿ ಬನ್ನಿ ಅಂದರೆ ಹೋಗುವುದಿಲ್ಲ. ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಎಲ್ಲಿದೆ?" ಎಂದು ಆಕೆ, "ಮೊದಲು ನೀನು ಆ ಮಾತ್ರೆ ನುಂಗು, ಆಮೇಲೆ ನನಗೆ ಹೇಳುವೆಯಂತೆ" ಎಂದು ಈತ. ಇಬ್ಬರ ಮಾತೂ ನಿಜವೇ. ಆದರೆ ಮಾತ್ರೆ ಅಟ್ಟದಿಂದ ಇಳಿಯುವುದಿಲ್ಲ, ಬಿ.ಪಿ. ನೋಡುವ ಕೆಲಸವೂ ಆಗುವುದಿಲ್ಲ.

ಹಠಕ್ಕೂ ಛಲಕ್ಕೂ ವ್ಯತ್ಯಾಸವಿದೆ. ಎರಡು ವರ್ಷ ಮಳೆ ಕೈಕೊಟ್ಟರೂ ಮೂರನೆಯ ವರ್ಷ ಮತ್ತೆ ಬಿತ್ತುವುದು ಛಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ಹಠ. ರೈತನಿಗೆ ಹೊಲದಲ್ಲಿ ಅನ್ನ ಕೊಡುವ ಗುಣವೇ ಮನೆಯೊಳಗೆ ಬಂದಾಗ ಕೆಲವೊಮ್ಮೆ ಹಠದ ರೂಪ ತಾಳುತ್ತದೆ. ಆದುದರಿಂದ ಹಠಮಾರಿಯನ್ನು ಕೆಟ್ಟವನೆಂದು ತೀರ್ಮಾನಿಸುವುದು ಸರಿಯಲ್ಲ. ಹಾಗೆಯೇ ಕೊರಗುವವರೆಲ್ಲ ಹೆಂಗಸರೇ ಎಂದೂ ಭಾವಿಸಬಾರದು. "ಮಳೆ ಮೋಸ ಮಾಡಿತು, ದಲ್ಲಾಳಿ ಮೋಸ ಮಾಡಿದ, ಅಣ್ಣತಮ್ಮಂದಿರು ಪಾಲಿನಲ್ಲಿ ಮೋಸ ಮಾಡಿದರು" ಎಂದು ಮದ್ಯದಂಗಡಿಯ ಮುಂದೆ ಕುಳಿತ ಗಂಡಸರೂ ಅದೇ ರಾಗವನ್ನು ಹಾಡುತ್ತಿರುತ್ತಾರೆ.

ಈಗ ಹಣೆಬರಹದ ವಿಚಾರ. ಸದಾ ಆಯಾಸ, ಸಣ್ಣ ಮಾತಿಗೂ ಅಳು, ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು, ಇವನ್ನು ನಾವು ಸ್ವಭಾವವೆಂದು ಕರೆಯುತ್ತೇವೆ. ಅನೇಕ ವೇಳೆ ಇದು ರಕ್ತಹೀನತೆಯಿಂದಾಗಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ, ಕರ್ನಾಟಕದಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಗರ್ಭಿಣಿಯಲ್ಲದ ಸ್ತ್ರೀಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ, ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ತಿಳಿಯುತ್ತದೆ. ಹಣೆಯ ಮೇಲೆ ಬರೆದದ್ದನ್ನು ಓದಬಲ್ಲವರಿಲ್ಲ; ರಕ್ತದಲ್ಲಿರುವುದನ್ನು ಓದುವವರು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಇದ್ದಾರೆ.

ಯಜಮಾನನ "ಕಲ್ಲುಗುಂಡಿ"ಗೂ ಇದೇ ಮಾತು ಸಲ್ಲುತ್ತದೆ. ಅಧಿಕ ರಕ್ತದೊತ್ತಡವು ಬಹುತೇಕ ಮಂದಿಯಲ್ಲಿ ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಇರುತ್ತದೆ. ಕಡೆಗೆ ಪಾರ್ಶ್ವವಾಯು ಇಲ್ಲವೇ ಹೃದಯಾಘಾತವಾಗಿ ಪ್ರಕಟವಾಗುತ್ತದೆ. ಮತ್ತೆ ಮತ್ತೆ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ಸಲಹೆ ಬೇಕೇ ಬೇಕು. 30 ವರ್ಷ ದಾಟಿದವರೆಲ್ಲರಿಗೂ ಈ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

ಇಷ್ಟೆಲ್ಲ ತಿಳಿದ ಮೇಲೂ ಹಠ ಬಿಡುವುದು ಸುಲಭವಲ್ಲ. ವಾದದಿಂದ ಹಠ ಬಿಟ್ಟವರು ವಿರಳ. ವಾದದಲ್ಲಿ ಒಬ್ಬರು ಸೋಲಬೇಕಾಗುತ್ತದೆ. ಅಭ್ಯಾಸದಲ್ಲಿ ಯಾರೂ ಸೋಲಬೇಕಾಗಿಲ್ಲ. ಆದ್ದರಿಂದ ದಿನಚರಿಯಲ್ಲಿ ಒಂದೆರಡು ಚಿಕ್ಕ ಬದಲಾವಣೆಗಳಿಂದ ಆರಂಭಿಸುವುದು ಲೇಸು.

ಮೊದಲನೆಯದು ರಾತ್ರಿಯ ಊಟ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಇದ್ದುದನ್ನು ಸಮನಾಗಿ ಬಡಿಸಿಕೊಂಡು ಉಣ್ಣುವ ರೂಢಿಯನ್ನು ಮಾಡಿಕೊಳ್ಳಿರಿ. ಅತ್ತೆ ಮಾವಂದಿರು ಇರುವ ಮನೆಯಲ್ಲಿ ಇದಕ್ಕೆ ಆಕ್ಷೇಪಣೆ ಬರಬಹುದು. ಆಗ ಮಾತನ್ನು ಗಂಡನೇ ಎತ್ತಬೇಕು, ಸೊಸೆಯ ಮೇಲೆ ಹೊರಿಸಬಾರದು. ಸೊಪ್ಪಿನ ಸಾರು, ಹುರುಳಿಕಾಳು, ನುಗ್ಗೆಸೊಪ್ಪಿನ ಪಲ್ಯ ಮುದ್ದೆಯೊಡನೆಯೂ ಸರಿ, ಜೋಳದ ರೊಟ್ಟಿಯೊಡನೆಯೂ ಸರಿ. ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಅಥವಾ ಒಂದು ನೆಲ್ಲಿಕಾಯಿ ತಿಂದರೆ ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವನ್ನು ಶರೀರವು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಕಾಫಿ, ಚಹಾ ಅದಕ್ಕೆ ಅಡ್ಡಿ; ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ. ಉಪ್ಪು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚದೊಳಗೆ ಇರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಪ್ರಿಯರು ಇದನ್ನು ಓದಿ ಮುಖ ಸಿಂಡರಿಸುವರೆಂದು ಬಲ್ಲೆವು.

ರಕ್ತಹೀನತೆ ಈಗಾಗಲೇ ಇದ್ದರೆ ಆಹಾರವೊಂದೇ ಸಾಲದು, ಮಾತ್ರೆ ಬೇಕು. ಗರ್ಭಿಣಿಯರು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ತೆಗೆದುಕೊಳ್ಳಬೇಕು. ಉಳಿದವರಿಗೆ ಎಷ್ಟೆಂಬುದನ್ನು ಆರೋಗ್ಯ ಕೇಂದ್ರದಲ್ಲಿ ತಿಳಿಸುವರು. ಮಾತ್ರೆ ನುಂಗಿದಾಗ ಮಲವು ಕಪ್ಪಾಗುತ್ತದೆ; ಅದರಿಂದ ಅಪಾಯವಿಲ್ಲ. ಹೊಟ್ಟೆ ತೊಳಸಿದಂತಾದರೆ ರಾತ್ರಿ ಊಟದ ನಂತರ ತೆಗೆದುಕೊಳ್ಳಬಹುದು. ಹೆಂಡತಿಗೆ ಮಾತ್ರೆಯನ್ನೂ ನೀರನ್ನೂ ತಂದುಕೊಡುವ ಕೆಲಸವನ್ನು ಗಂಡ ವಹಿಸಿಕೊಂಡರೆ, ತಾನೊಬ್ಬಳೇ ಎಂಬ ಆಕೆಯ ಕೊರಗು ಸಹ ಅಷ್ಟರಮಟ್ಟಿಗೆ ಇಳಿಯುತ್ತದೆ. ಮಾತ್ರೆಗಳನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಕೆಂಪು ಬಣ್ಣ ಕಂಡು ಮಿಠಾಯಿಯೆಂದು ಹಲವು ಮಾತ್ರೆ ತಿಂದ ಮಗುವಿನ ಪ್ರಾಣಕ್ಕೇ ಅಪಾಯವಿದೆ.

ಎರಡನೆಯದು ನಿದ್ರೆ. ನಿದ್ರೆಗೆಟ್ಟವನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಮದ್ಯ ಕುಡಿದರೆ ಚೆನ್ನಾಗಿ ನಿದ್ರೆ ಬರುವುದೆಂಬುದು ತಪ್ಪು ತಿಳಿವಳಿಕೆ. ಬೇಗ ಮಂಪರು ಹತ್ತಿದರೂ ನಡುರಾತ್ರಿಯ ನಂತರ ನಿದ್ರೆ ಕೆಡುತ್ತದೆ, ಮರುದಿನ ಮನಸ್ಸು ಮತ್ತಷ್ಟು ಕುಗ್ಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಹುಕಾಲದಿಂದ ಪ್ರತಿನಿತ್ಯ ಹೆಚ್ಚಾಗಿ ಕುಡಿಯುವವರು ಹಠ ತೊಟ್ಟು ಒಂದೇ ದಿನದಲ್ಲಿ ನಿಲ್ಲಿಸಿದರೆ ಕೈಕಾಲು ನಡುಕ, ಭ್ರಮೆ, ಫಿಟ್ಸ್ ಬರಬಹುದು. ಅಂಥವರು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಬಿಡಬೇಕು.

ಮೂರನೆಯದು ಮಾತು. "ನೀವು ಯಾವಾಗಲೂ ಹೀಗೆಯೇ", "ನೀನು ಎಂದಾದರೂ ನನ್ನ ಮಾತು ಕೇಳಿದ್ದೀಯಾ?" ಎಂಬ ಮಾತುಗಳಲ್ಲಿ ಹತ್ತು ವರ್ಷದ ಲೆಕ್ಕವೆಲ್ಲ ಒಟ್ಟಿಗೆ ಹೊರಬರುತ್ತದೆ. ಒಂದು ದಿನಕ್ಕೆ ಒಂದೇ ವಿಷಯ, ಅದೂ ಊಟವಾದ ಮೇಲೆ, ಎಂದು ಇಬ್ಬರೂ ಗೊತ್ತುಮಾಡಿಕೊಳ್ಳಿರಿ. ಹಠಮಾರಿಗೆ ಹಿಂದೆ ಸರಿಯಲು ಮರ್ಯಾದೆಯ ದಾರಿಯೊಂದು ಬೇಕು. "ನೀವು ಹೋಗಿ" ಎನ್ನುವುದಕ್ಕಿಂತ "ಸಂತೆಯ ದಿನ ನನ್ನ ರಕ್ತಪರೀಕ್ಷೆಗೆ ಜೊತೆಗೆ ಬನ್ನಿ, ಅಲ್ಲಿಯೇ ನಿಮ್ಮದೂ ನೋಡಿಸೋಣ" ಎಂದರೆ ಅವನು ಸೋತಂತಾಗುವುದಿಲ್ಲ.

ಕೊರಗೆಲ್ಲವೂ ಹುಸಿಯೆಂದು ಮಾತ್ರ ಯಾರೂ ತಿಳಿಯಬಾರದು. ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಯನ್ನೇ ನೋಡಿರಿ. ಮೇಲೆ ಹೇಳಿದ ಸಮೀಕ್ಷೆಯಂತೆ ದೇಶದಲ್ಲಿ ನೂರು ದಂಪತಿಗಳಲ್ಲಿ ಸುಮಾರು 38 ಕಡೆ ಹೆಂಡತಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಗಂಡನಿಗೆ ಆದದ್ದು ನೂರರಲ್ಲಿ ಒಂದೂ ಅಲ್ಲ. "ನನಗೇ ಎಲ್ಲ" ಎಂದು ಆಕೆ ಹೇಳಿದರೆ ಇಲ್ಲಿ ಲೆಕ್ಕ ಆಕೆಯ ಕಡೆಗೇ ಇದೆ. ಗಾಯವಿಲ್ಲದಂತೆ, ಹೊಲಿಗೆಯಿಲ್ಲದೆ ಮಾಡುವ ಪುರುಷ ಶಸ್ತ್ರಚಿಕಿತ್ಸೆಯು ಕೆಲವೇ ನಿಮಿಷಗಳ ಕೆಲಸ. ಅದೇ ದಿನ ಮನೆಗೆ ಮರಳಬಹುದು. ಇದರಿಂದ ದುಡಿಯುವ ಶಕ್ತಿಯಾಗಲಿ, ದಾಂಪತ್ಯದ ಸುಖವಾಗಲಿ ಕುಂದುವುದಿಲ್ಲ. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಿ, ವೈದ್ಯರು ಸರಿಯೆನ್ನುವ ತನಕ ನಿರೋಧ್ ಅಥವಾ ಬೇರೆ ವಿಧಾನ ಬಳಸಬೇಕು.

ಇನ್ನು, ಹೊಡೆತ ಬಡಿತಗಳನ್ನು ಅನುಭವಿಸುತ್ತಿರುವ ಸ್ತ್ರೀಗೆ ಈ ಪಾಠವನ್ನು ಓದಿಹೇಳಿ "ನಿನ್ನ ಮನೋಭಾವ ತಿದ್ದಿಕೋ" ಎನ್ನಬೇಡಿರಿ. ಅದು ಅಭ್ಯಾಸದ ಮಾತಲ್ಲ, ಅಪರಾಧದ ಮಾತು. ಆಕೆಯ ರಕ್ಷಣೆಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ಇದೆ. 181 ಮಹಿಳಾ ಸಹಾಯವಾಣಿಗೆ ಕರೆ ಮಾಡಬಹುದು. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ, ಬದುಕು ಬೇಡವೆನಿಸಿದರೆ, ಗಂಡಾಗಲಿ ಹೆಣ್ಣಾಗಲಿ, ಕೂಡಲೇ ವೈದ್ಯರನ್ನು ಕಾಣಬೇಕು ಅಥವಾ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಬೇಕು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ತೆರಬೇಕಾಗಿಲ್ಲ.

ಮಾತ್ರೆ ಆರಂಭಿಸಿದ ಒಂದು ತಿಂಗಳಿಗೆ ಹಿಮೋಗ್ಲೋಬಿನ್ ಮತ್ತೊಮ್ಮೆ ನೋಡಿಸಿರಿ. ಅಂಕಿ ಏರಿದ್ದರೆ ಮಾತ್ರೆ ನಿಲ್ಲಿಸಬೇಡಿರಿ. ಶರೀರದ ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕು. ಏರದಿದ್ದರೆ ಕೊಕ್ಕೆಹುಳುವಿನ ಬಾಧೆಯೋ, ಮುಟ್ಟಿನಲ್ಲಿ ಅತಿಸ್ರಾವವೋ, ಬೇರೆ ಕಾರಣವೋ ಎಂಬುದನ್ನು ವೈದ್ಯರು ಪರೀಕ್ಷಿಸುವರು. ಅಂದು ಕಾರ್ಡನ್ನು ಮರೆಯದೆ ಒಯ್ಯಿರಿ, ಮತ್ತು ಇಬ್ಬರೂ ಜೊತೆಗೇ ಹೋಗಿರಿ.